ಮಲದ್ವಾರವಿಲ್ಲದೆ ಹುಟ್ಟುವ ಮಕ್ಕಳು: ಮೊದಲ 24 ಗಂಟೆಗಳೇ ನಿರ್ಣಾಯಕ

ಮೈಸೂರು: ಹೆರಿಗೆ ಕೋಣೆಯಿಂದ ಶುಶ್ರೂಷಕಿ ಹೊರಬಂದೊಡನೆ ಬಾಗಿಲಲ್ಲಿ ಕಾದು ನಿಂತವರು ಕೇಳುವುದು ಎರಡೇ ಪ್ರಶ್ನೆ. ಗಂಡೋ, ಹೆಣ್ಣೋ? ತೂಕ ಎಷ್ಟು? ಮಗುವನ್ನು ಮಗುಚಿ ಹಿಂಭಾಗ ನೋಡಿದಿರಾ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕೆಂದು ಯಾರಿಗೂ ಹೊಳೆಯುವುದೂ ಇಲ್ಲ. ಆದರೆ ಸುಮಾರು 5,000 ಜನನಗಳಲ್ಲಿ ಒಂದರಂತೆ, ಮಲದ್ವಾರವೇ ಇಲ್ಲದ ಅಥವಾ ಅದು ಇರಬೇಕಾದ ಜಾಗದಲ್ಲಿ ಇಲ್ಲದ ಮಗು ಜನಿಸುತ್ತದೆ. ಹುಟ್ಟಿದ 24 ಗಂಟೆಗಳೊಳಗೆ ಯಾರಾದರೂ ಆ ಜಾಗವನ್ನು ಬೆಳಕಿನಲ್ಲಿ ಸರಿಯಾಗಿ ನೋಡಿದರೇ ಇಲ್ಲವೇ ಎಂಬುದರ ಮೇಲೆ ಅಂತಹ ಮಗುವಿನ ಅಳಿವು ಉಳಿವು ಬಹುಮಟ್ಟಿಗೆ ನಿಂತಿರುತ್ತದೆ.

ಇದನ್ನು ಪತ್ರಿಕೆಯಲ್ಲಿ ಬರೆಯುವುದಕ್ಕೂ ಸಂಕೋಚ, ಮನೆಯಲ್ಲಿ ಮಾತನಾಡುವುದಕ್ಕೂ ಸಂಕೋಚ. ಹೃದಯದಲ್ಲಿ ರಂಧ್ರವಿರುವ ಮಗುವಿನ ಬಗ್ಗೆ ನೆರೆಹೊರೆಯವರೊಡನೆ ಹೇಳಿಕೊಂಡು ಅಳುವ ತಾಯಿ, ಈ ದೋಷವಿರುವ ಮಗುವಿನ ಬಗ್ಗೆ ತವರಿನವರಿಗೂ ಹೇಳಲು ಹಿಂಜರಿಯುತ್ತಾಳೆ. ಚಿಕಿತ್ಸೆ ತಡವಾಗುವುದಕ್ಕೆ ಈ ನಾಚಿಕೆಯೂ ಒಂದು ಕಾರಣವಾದ್ದರಿಂದ ಇಲ್ಲಿ ವಿಷಯವನ್ನು ಮರೆಮಾಚದೆ ವಿವರಿಸಲಾಗಿದೆ.

ವರ್ಷಕ್ಕೆ ಮೂರೋ ನಾಲ್ಕೋ ಮಕ್ಕಳು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ ಮತ್ತು ಎಚ್.ಡಿ.ಕೋಟೆ ತಾಲ್ಲೂಕುಗಳ ಒಟ್ಟು ಜನಸಂಖ್ಯೆ 2011ರ ಜನಗಣತಿಯ ಪ್ರಕಾರ ಸುಮಾರು ಹತ್ತು ಲಕ್ಷ. ಆ ನಂತರ ಎಚ್.ಡಿ.ಕೋಟೆಯಿಂದ ಸರಗೂರು, ಕೆ.ಆರ್.ನಗರದಿಂದ ಸಾಲಿಗ್ರಾಮ ಪ್ರತ್ಯೇಕ ತಾಲ್ಲೂಕುಗಳಾಗಿವೆ. ಲೆಕ್ಕಕ್ಕೆ ಅವನ್ನೂ ಸೇರಿಸಿಕೊಳ್ಳೋಣ. ಸಾವಿರ ಜನಸಂಖ್ಯೆಗೆ ವರ್ಷಕ್ಕೆ 16ರಷ್ಟು ಜನನ ಎಂದು ಹಿಡಿದರೂ ಈ ಭಾಗದಲ್ಲಿ ವರ್ಷಕ್ಕೆ ಮೂರೋ ನಾಲ್ಕೋ ಮಕ್ಕಳು ಈ ದೋಷದೊಂದಿಗೆ ಹುಟ್ಟಬೇಕು. ಇದು ಆಸ್ಪತ್ರೆಗಳ ದಾಖಲೆಯಿಂದ ತೆಗೆದ ಸಂಖ್ಯೆಯಲ್ಲ, ಕಾಗದದ ಮೇಲಿನ ಸರಳ ಗುಣಾಕಾರ ಮಾತ್ರ.

ಅಪಾಯವಿರುವುದು ಈ ವಿರಳತೆಯಲ್ಲೇ. ವರ್ಷಕ್ಕೆ ನೂರು ಹೆರಿಗೆ ಮಾಡಿಸುವ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇಂತಹ ಒಂದು ಮಗು ಕಾಣಿಸಿಕೊಳ್ಳಲು ಸರಾಸರಿ 50 ವರ್ಷ ಬೇಕು. ಅಂದರೆ ಅಲ್ಲಿನ ಶುಶ್ರೂಷಕಿ ಇಡೀ ಸೇವಾವಧಿಯಲ್ಲಿ ಒಂದನ್ನೂ ನೋಡದೆ ನಿವೃತ್ತರಾಗಬಹುದು. ನೋಡದಿರುವುದನ್ನು ಗುರುತಿಸುವುದು ಸುಲಭವಲ್ಲ. ಮಕ್ಕಳ ಆರೋಗ್ಯ ತಪಾಸಣೆಗೆಂದು ಕೇಂದ್ರ ಸರ್ಕಾರ 2013ರಲ್ಲಿ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ 30 ಕಾಯಿಲೆಗಳ ಪಟ್ಟಿಯಲ್ಲಿ ಒಂಬತ್ತು ಜನ್ಮಜಾತ ದೋಷಗಳಿವೆ. ಸೀಳು ತುಟಿ, ವಕ್ರಪಾದ, ಹುಟ್ಟು ಹೃದ್ರೋಗ, ಹುಟ್ಟು ಕಿವುಡು ಮುಂತಾದವು ಅದರಲ್ಲಿ ಸೇರಿದ್ದರೂ ಮಲದ್ವಾರದ ದೋಷ ಆ ಒಂಬತ್ತರಲ್ಲಿ ಹೆಸರಿನಿಂದ ಸೇರಿಲ್ಲ. ತಪಾಸಣೆ ಮಾಡುವವರು ಪಟ್ಟಿಯಾಚೆಗೂ ಕಣ್ಣು ಹಾಯಿಸಬೇಕಾಗುತ್ತದೆ.

ದೋಷ ಏನು?

ಗರ್ಭಧಾರಣೆಯ ಮೊದಲ ವಾರಗಳಲ್ಲಿ ಭ್ರೂಣದ ಮಲ ಮತ್ತು ಮೂತ್ರದ ದಾರಿಗಳು ಬೇರೆ ಬೇರೆಯಾಗಿರುವುದಿಲ್ಲ. ಎರಡೂ ಒಂದೇ ಕುಹರಕ್ಕೆ ತೆರೆದುಕೊಂಡಿರುತ್ತವೆ. ನಾಲ್ಕರಿಂದ ಎಂಟನೆಯ ವಾರದ ನಡುವೆ ಆ ಕುಹರ ಎರಡಾಗಿ ಬೇರ್ಪಟ್ಟು, ಮುಂದೆ ಮೂತ್ರದ ಮಾರ್ಗ, ಹಿಂದೆ ಗುದನಾಳ ರೂಪುಗೊಳ್ಳುತ್ತವೆ. ತಾನು ಗರ್ಭಿಣಿ ಎಂಬುದು ಅನೇಕ ತಾಯಂದಿರಿಗೆ ಖಚಿತವಾಗುವುದೇ ಆ ಹೊತ್ತಿಗೆ. ಈ ಬೇರ್ಪಡೆ ಅರ್ಧಕ್ಕೆ ನಿಂತರೆ ಗುದನಾಳದ ತುದಿ ಚರ್ಮವನ್ನು ತಲುಪದೆ ಒಳಗೇ ಕುರುಡಾಗಿ ಮುಗಿಯುತ್ತದೆ, ಇಲ್ಲವೇ ಸಣ್ಣ ಸುರಂಗದಂತಹ ದಾರಿಯೊಂದರ ಮೂಲಕ ತಪ್ಪು ಜಾಗಕ್ಕೆ ತೆರೆದುಕೊಳ್ಳುತ್ತದೆ. ಈ ಸುರಂಗವನ್ನು ವೈದ್ಯರು ಫಿಸ್ಟುಲಾ ಎನ್ನುತ್ತಾರೆ. ವಯಸ್ಕರಲ್ಲಿ ಕೀವು ತುಂಬಿ ಆಗುವ ಭಗಂದರಕ್ಕೂ ಇದೇ ಹೆಸರಿದ್ದರೂ ಎರಡಕ್ಕೂ ಸಂಬಂಧವಿಲ್ಲ.

ಗಂಡು ಮಕ್ಕಳಲ್ಲಿ ಈ ದಾರಿ ಹೆಚ್ಚಾಗಿ ಮೂತ್ರನಾಳಕ್ಕೆ ಸೇರುತ್ತದೆ. ಆಗ ಮಗುವಿನ ಮೂತ್ರದಲ್ಲಿ ಹಸಿರು ಬಣ್ಣದ ಮಲ ಬೆರೆತು ಬರುತ್ತದೆ. ಬಟ್ಟೆಯ ಮೇಲಿನ ಆ ಕಲೆಯೇ ರೋಗನಿರ್ಣಯ. ಕೆಲವರಲ್ಲಿ ಇನ್ನೂ ಮೇಲೆ, ಮೂತ್ರಕೋಶದ ಕುತ್ತಿಗೆಗೆ ಸೇರಿರುತ್ತದೆ. ಚಿಕಿತ್ಸೆಗೆ ಇದು ಹೆಚ್ಚು ಕಠಿಣ. ಇನ್ನು ಕೆಲವರಲ್ಲಿ ವೃಷಣ ಚೀಲದ ಕೆಳಗಿನ ಚರ್ಮದಲ್ಲೇ ಸೂಜಿ ಮೊನೆಯಷ್ಟು ರಂಧ್ರವಾಗಿ ತೆರೆದಿರುತ್ತದೆ. ಇದು ಸರಿಪಡಿಸಲು ಸುಲಭವಾದ ಬಗೆ, ತಪ್ಪಿಹೋಗುವುದೂ ಅಷ್ಟೇ ಸುಲಭ.

ಹೆಣ್ಣು ಮಕ್ಕಳಲ್ಲಿ ಅತ್ಯಂತ ಸಾಮಾನ್ಯವಾದ ಬಗೆಯಲ್ಲಿ ಮಲದ ದಾರಿ ಯೋನಿದ್ವಾರದ ಅಂಚಿನಲ್ಲೇ ತೆರೆಯುತ್ತದೆ. ಮೊಲೆಹಾಲು ಕುಡಿಯುವವರೆಗೆ ಮಲ ತೆಳುವಾಗಿರುವುದರಿಂದ ಅದು ಹೇಗೋ ಹೊರಬರುತ್ತಿರುತ್ತದೆ. ಆರು ತಿಂಗಳಾಗಿ ರಾಗಿ ಸರಿ, ಮೆತ್ತನೆಯ ಅನ್ನ ತಿನ್ನಿಸಲು ಆರಂಭಿಸಿದ ಮೇಲೆ ಮಲ ಗಟ್ಟಿಯಾಗಿ, ಹೊಟ್ಟೆ ಉಬ್ಬಿ, ಆಗ ಆಸ್ಪತ್ರೆಗೆ ಬರುತ್ತಾರೆ. ತಾಯಿಗೆ ಮೊದಲ ವಾರದಲ್ಲೇ ಅನುಮಾನ ಬಂದಿರುತ್ತದೆ. ಹೆಣ್ಣು ಮಗುವಿನ ಆ ಭಾಗದ ಬಗ್ಗೆ ಯಾರೊಡನೆ ಹೇಳುವುದೆಂದು ಸುಮ್ಮನಾಗಿರುತ್ತಾಳೆ. ಮೂತ್ರ, ಯೋನಿ, ಮಲ ಮೂರಕ್ಕೂ ಸೇರಿ ಒಂದೇ ರಂಧ್ರವಿರುವ ಕ್ಲೊಯಾಕ ಎಂಬ ಬಗೆ ಬಹಳ ವಿರಳ, ಬಹಳ ಸಂಕೀರ್ಣ. ಅದಕ್ಕೆ ಹೆಚ್ಚಿನ ಅನುಭವವಿರುವ ಕೇಂದ್ರವೇ ಬೇಕು.

ವೀಳ್ಯದೆಲೆ ತೊಟ್ಟಿನ ಕಥೆ

ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಗಂಡು ಮಗು ಹುಟ್ಟಿತೆಂದು ಊಹಿಸಿಕೊಳ್ಳಿ. ಸಹಜ ಹೆರಿಗೆ, ಎರಡೂವರೆ ಕೆ.ಜಿ. ತೂಕ, ಜೋರಾದ ಅಳು. ಎರಡನೆಯ ದಿನವೂ ಮಗು ಕಕ್ಕ ಮಾಡಲಿಲ್ಲ. ಅಜ್ಜಿ ಗಾಬರಿಯಾಗುವುದಿಲ್ಲ, ವೀಳ್ಯದೆಲೆಯ ತೊಟ್ಟಿಗೆ ಹರಳೆಣ್ಣೆ ಸವರಿ ಪ್ರಯತ್ನಿಸುತ್ತಾರೆ, ಬಜೆ ತೇಯ್ದು ನೆಕ್ಕಿಸುತ್ತಾರೆ, ಸಕ್ಕರೆ ನೀರು ಕುಡಿಸುತ್ತಾರೆ. ತೊಟ್ಟು ಒಳಹೋಗದಿದ್ದರೆ ಆ ಅನುಭವಿ ಅಜ್ಜಿಗೆ ಕೂಡಲೇ ತಿಳಿಯುತ್ತದೆ. ಹಾಗೆ ತಿಳಿದರೆ ಅದು ಮಗುವಿನ ಪುಣ್ಯ. ಆದರೆ ಕೆಲವು ಮಕ್ಕಳಲ್ಲಿ ಹೊರಗಿನಿಂದ ಮಲದ್ವಾರ ಸರಿಯಾಗಿಯೇ ಕಾಣುತ್ತದೆ, ಒಂದೆರಡು ಸೆಂಟಿಮೀಟರ್ ಒಳಗೆ ದಾರಿ ಮುಚ್ಚಿರುತ್ತದೆ. ಇನ್ನು ಸೂಜಿ ಮೊನೆಯಂತಹ ರಂಧ್ರದಿಂದ ಸ್ವಲ್ಪ ಮಲ ಬಂದರೆ, ‘ಮಲ ವಿಸರ್ಜನೆ ಆಗಿದೆ’ ಎಂದು ಆಸ್ಪತ್ರೆಯ ಹಾಳೆಯಲ್ಲೂ ದಾಖಲಾಗಿಬಿಡುತ್ತದೆ.

ಮೂರನೆಯ ದಿನದ ಹೊತ್ತಿಗೆ ಹೊಟ್ಟೆ ಡೊಳ್ಳಿನಂತೆ ಬಿಗಿಯುತ್ತದೆ, ಹಸಿರು ವಾಂತಿ ಆರಂಭವಾಗುತ್ತದೆ. ಇನ್ನೂ ತಡವಾದರೆ ಉಬ್ಬಿದ ಕರುಳು ಒಡೆದು ಮಲ ಹೊಟ್ಟೆಯೊಳಗೆ ಹರಡಿ, ಸೋಂಕು ರಕ್ತಕ್ಕೆ ಸೇರುತ್ತದೆ. ಮೊದಲ ದಿನ ಯೋಜಿತ ಶಸ್ತ್ರಚಿಕಿತ್ಸೆಯಾಗಬೇಕಿದ್ದದ್ದು ನಾಲ್ಕನೆಯ ದಿನ ಜೀವ ಉಳಿಸುವ ಹೋರಾಟವಾಗುತ್ತದೆ.

ಆದ್ದರಿಂದ ವೈದ್ಯರು ಹೇಳುವ ನಿಯಮ ಸರಳ. ಹುಟ್ಟಿದ ಮಗುವನ್ನು ಒರೆಸುವಾಗಲೇ ಮಗುಚಿ, ಪೃಷ್ಠವನ್ನು ಬಿಡಿಸಿ, ದ್ವಾರ ಇದೆಯೇ, ಸರಿಯಾದ ಜಾಗದಲ್ಲಿದೆಯೇ, ಸರಿಯಾದ ಗಾತ್ರದಲ್ಲಿದೆಯೇ ಎಂದು ನೋಡುವುದು. 24 ಗಂಟೆಗಳೊಳಗೆ ಮೊದಲ ಕಪ್ಪುಹಸಿರು ಅಂಟು ಮಲ ಬಂದಿತೇ, ಎಲ್ಲಿಂದ ಬಂದಿತು ಎಂದು ಗಮನಿಸುವುದು. ಇದಕ್ಕೆ ಯಂತ್ರ ಬೇಡ, ಹಣ ಬೇಡ. ಗರ್ಭಿಣಿಯಿದ್ದಾಗ ಮಾಡಿಸಿದ ಸ್ಕ್ಯಾನ್‌ನಲ್ಲಿ ಎಲ್ಲವೂ ಸರಿಯಿತ್ತು ಎಂಬ ಸಮಾಧಾನವೂ ಬೇಡ. ಈ ದೋಷ ಬಹುತೇಕ ಸ್ಕ್ಯಾನ್‌ಗಳಲ್ಲಿ ಕಾಣಿಸುವುದಿಲ್ಲ.

ಮೈಸೂರಿಗೆ ಹೊರಡುವ ಮುನ್ನ

ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲ. ಇದಕ್ಕೆ ಮಕ್ಕಳ ಶಸ್ತ್ರಚಿಕಿತ್ಸಾ ತಜ್ಞರು, ನವಜಾತ ಶಿಶುವಿಗೆ ಅರಿವಳಿಕೆ ನೀಡಬಲ್ಲವರು ಮತ್ತು ಶಿಶು ತೀವ್ರ ನಿಗಾ ಘಟಕ ಮೂರೂ ಬೇಕು. ಕೆ.ಆರ್.ನಗರ, ಹುಣಸೂರಿನಿಂದ ಮೈಸೂರು 40-45 ಕಿ.ಮೀ.; ಎಚ್.ಡಿ.ಕೋಟೆಯಿಂದ ಸುಮಾರು 50, ಪಿರಿಯಾಪಟ್ಟಣದಿಂದ 65-70. ಪಟ್ಟಣದಿಂದ ಪಟ್ಟಣಕ್ಕೆ ಇದು ದೂರವೇನಲ್ಲ. ಆದರೆ ಡಿ.ಬಿ.ಕುಪ್ಪೆ ಕಡೆಯ ಹಾಡಿಗಳಿಂದ ಹೊರಡುವ ಜೇನುಕುರುಬ, ಕಾಡುಕುರುಬ ಕುಟುಂಬಗಳಿಗೆ ಮೊದಲು ಕಾಡು ದಾಟಬೇಕು. ಫೋನ್ ಸಂಪರ್ಕವೂ ಎಲ್ಲೆಡೆ ಸಿಗುವುದಿಲ್ಲ. ಸರಗೂರಿನಲ್ಲಿರುವ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನ ವಿವೇಕಾನಂದ ಸ್ಮಾರಕ ಆಸ್ಪತ್ರೆ ಆ ಭಾಗದವರಿಗೆ ಹತ್ತಿರದ ಆಸರೆ. ದೋಷ ಗುರುತಿಸಿ ಮುಂದಕ್ಕೆ ಕಳುಹಿಸುವ ಕೆಲಸ ಇಂತಹ ಕಡೆಯೇ ಆಗಬೇಕು.

ಆಂಬುಲೆನ್ಸ್ ಬರುವವರೆಗೆ ಮತ್ತು ದಾರಿಯುದ್ದಕ್ಕೂ ಮಗುವಿನ ಬಾಯಿಗೆ ಏನನ್ನೂ ಹಾಕಬಾರದು. ಹಾಲೂ ಇಲ್ಲ, ಜೇನುತುಪ್ಪವೂ ಇಲ್ಲ. ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿ ವಾಂತಿ ಶ್ವಾಸಕೋಶಕ್ಕೆ ಹೋಗದಂತೆ ತಡೆಯುವುದು, ರಕ್ತನಾಳದ ಮೂಲಕ ಗ್ಲೂಕೋಸ್ ದ್ರವ ನೀಡುವುದು, ಮಗುವನ್ನು ತಾಯಿಯ ಎದೆಗೆ ಒತ್ತಿ ಬೆಚ್ಚಗಿಡುವುದು ಮುಖ್ಯ. ನಳಿಕೆ ಇಳಿಸುವಾಗ ಇನ್ನೊಂದು ವಿಷಯವೂ ತಿಳಿಯುತ್ತದೆ. ಅದು ಅರ್ಧದಲ್ಲೇ ತಡೆದರೆ ಅನ್ನನಾಳವೂ ಮುಚ್ಚಿದೆ ಎಂದರ್ಥ. ಈ ಮಕ್ಕಳಲ್ಲಿ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಮಂದಿಗೆ ಬೇರೆ ದೋಷಗಳೂ ಇರುತ್ತವೆ. ಮೂತ್ರಪಿಂಡ, ಬೆನ್ನುಮೂಳೆ, ಹೃದಯ, ಅನ್ನನಾಳ, ಕೈಮೂಳೆಗಳಲ್ಲಿ ಯಾವುದಾದರೂ. ಹಾಗಾಗಿ ಮೈಸೂರಿನ ಆಸ್ಪತ್ರೆ ತಲುಪಿದ ಮೇಲೆ ಹೃದಯದ ಎಕೋ, ಹೊಟ್ಟೆಯ ಸ್ಕ್ಯಾನ್, ಬೆನ್ನುಮೂಳೆಯ ಎಕ್ಸ್‌ರೇ ಎಂದು ಒಂದೊಂದಾಗಿ ಮಾಡುವಾಗ ‘ಮಲದ್ವಾರಕ್ಕೂ ಹೃದಯಕ್ಕೂ ಏನು ಸಂಬಂಧ’ ಎಂದು ಮನೆಯವರು ಸಿಡುಕುವ ಅಗತ್ಯವಿಲ್ಲ.

ಮನೆಯವರನ್ನು ಇನ್ನಷ್ಟು ಕಂಗೆಡಿಸುವುದು ಕಾಯುವಿಕೆ. ಹೊಟ್ಟೆ ತೀರಾ ಉಬ್ಬಿಲ್ಲದಿದ್ದರೆ ವೈದ್ಯರು ಬೇಕೆಂದೇ 24 ಗಂಟೆ ಕಾಯುತ್ತಾರೆ. ಕರುಳಿನೊಳಗಿನ ಒತ್ತಡ ಏರಿ, ಮಲ ಆ ಸಣ್ಣ ಸುರಂಗದ ಮೂಲಕ ತಳ್ಳಲ್ಪಟ್ಟು, ಎಲ್ಲಿಂದ ಹೊರಬರುತ್ತದೆ ಎಂದು ತಿಳಿಯಲು ಅಷ್ಟು ಸಮಯ ಬೇಕು. ಮೂತ್ರದಲ್ಲಿ ಬಂದರೆ ಒಂದು ದಾರಿ, ಚರ್ಮದ ಮೇಲೆ ಕಂಡರೆ ಇನ್ನೊಂದು ದಾರಿ. ಎಲ್ಲೂ ಕಾಣದಿದ್ದರೆ ಮಗುವನ್ನು ಬೋರಲು ಮಲಗಿಸಿ ಪಕ್ಕದಿಂದ ಎಕ್ಸ್‌ರೇ ತೆಗೆದು, ಕರುಳಿನ ತುದಿಯಲ್ಲಿರುವ ಗಾಳಿಗೂ ಚರ್ಮಕ್ಕೂ ಎಷ್ಟು ಅಂತರವಿದೆ ಎಂದು ಅಳೆಯುತ್ತಾರೆ. 1930ರಲ್ಲಿ ಅಮೆರಿಕದ ವಾಂಗೆನ್‌ಸ್ಟೀನ್ ಮತ್ತು ರೈಸ್ ಮಗುವನ್ನು ತಲೆಕೆಳಗಾಗಿ ಹಿಡಿದು ಇದನ್ನು ಮಾಡುವ ಕ್ರಮ ತಿಳಿಸಿದ್ದರು. ಬೋರಲು ಮಲಗಿಸಿದರೂ ಅದೇ ಫಲ ಸಿಗುವುದರಿಂದ ಇಂದು ಹೆಚ್ಚಾಗಿ ಹಾಗೆಯೇ ಮಾಡುತ್ತಾರೆ.

ಮೂರು ಹಂತದ ದುರಸ್ತಿ

ದ್ವಾರ ಚರ್ಮಕ್ಕೆ ಹತ್ತಿರದಲ್ಲೇ ಇದ್ದರೆ ಒಂದೇ ಸಣ್ಣ ಶಸ್ತ್ರಚಿಕಿತ್ಸೆ ಸಾಕು. ಉಳಿದವರಿಗೆ ಸಾಮಾನ್ಯವಾಗಿ ಮೂರು ಹಂತ. ಮೊದಲನೆಯದು ಕೊಲೋಸ್ಟಮಿ, ದೊಡ್ಡ ಕರುಳನ್ನು ಹೊಟ್ಟೆಯ ಎಡಭಾಗದಲ್ಲಿ ಹೊರತಂದು ಮಲಕ್ಕೆ ತಾತ್ಕಾಲಿಕ ಬಾಯಿ ಮಾಡುವುದು. ಜೀವ ಉಳಿಸುವುದು ಈ ಹಂತ. ಹೊಟ್ಟೆಯ ಮೇಲೆ ಕೆಂಪಗೆ, ಒದ್ದೆಯಾಗಿ ಕಾಣುವ ಕರುಳನ್ನು ಕಂಡು ಬಾಣಂತಿ ಹೆದರುವುದು ಸಹಜ. ಆ ಕೆಂಪು ಬಣ್ಣ ಆರೋಗ್ಯದ ಗುರುತು. ಮುಟ್ಟಿದರೆ ಮಗುವಿಗೆ ನೋವಾಗುವುದಿಲ್ಲ. ಅದು ಕಪ್ಪಗಾದರೆ ಅಥವಾ ಮಲ ನಿಂತರೆ ಮಾತ್ರ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು. ಅಂಟಿಸುವ ಚೀಲ ದುಬಾರಿ ಎನಿಸಿದ ಮನೆಗಳಲ್ಲಿ ಹಳೆಯ ಹತ್ತಿ ಸೀರೆಯ ತುಂಡು ಕಟ್ಟುವುದುಂಟು. ಆಗಾಗ ಬದಲಿಸಿ, ಸುತ್ತಲ ಚರ್ಮಕ್ಕೆ ಝಿಂಕ್ ಆಕ್ಸೈಡ್ ಮುಲಾಮು ಹಚ್ಚಿದರೆ ಹೆಚ್ಚಿನ ಮಕ್ಕಳಿಗೆ ಅಷ್ಟರಿಂದಲೇ ನಡೆಯುತ್ತದೆ.

ಎರಡನೆಯದು ಮುಖ್ಯ ಶಸ್ತ್ರಚಿಕಿತ್ಸೆ. ಮಗು ತೂಕ ಏರಿಸಿಕೊಂಡು, ಇತರ ದೋಷಗಳ ಪರಿಶೀಲನೆ ಮುಗಿದ ಮೇಲೆ, ಸಾಮಾನ್ಯವಾಗಿ ಕೆಲವು ತಿಂಗಳುಗಳಲ್ಲಿ ಇದು ನಡೆಯುತ್ತದೆ. ಅದಕ್ಕೂ ಮೊದಲು ಕೊಲೋಸ್ಟಮಿಯ ಕೆಳಬಾಯಿಯಿಂದ ಎಕ್ಸ್‌ರೇಯಲ್ಲಿ ಕಾಣುವ ದ್ರವವನ್ನು ಒತ್ತಡದಿಂದ ತುಂಬಿಸಿ, ಸುರಂಗ ನಿಖರವಾಗಿ ಎಲ್ಲಿಗೆ ಸೇರಿದೆ ಎಂದು ಚಿತ್ರ ತೆಗೆಯುತ್ತಾರೆ. ಈ ನಕ್ಷೆಯಿಲ್ಲದೆ ಶಸ್ತ್ರಚಿಕಿತ್ಸೆಗೆ ಇಳಿದರೆ ಮೂತ್ರನಾಳಕ್ಕೆ ಗಾಯವಾಗುವ ಅಪಾಯವಿದೆ.

ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ವಿಧಾನವನ್ನು ಮೆಕ್ಸಿಕೊದ ಆಲ್ಬರ್ಟೊ ಪೆನ್ಯಾ 1980ರಲ್ಲಿ ಮೊದಲು ಮಾಡಿ, 1982ರಲ್ಲಿ ಪೀಟರ್ ಡಿವ್ರೀಸ್ ಜೊತೆ ಪ್ರಕಟಿಸಿದರು. ಅದಕ್ಕೆ ಮುನ್ನ ವೈದ್ಯರು ಕರುಳನ್ನು ಬಹುಮಟ್ಟಿಗೆ ಅಂದಾಜಿನ ಮೇಲೆ ಕೆಳಗೆಳೆಯಬೇಕಿತ್ತು. ಮಲ ಹಿಡಿದಿಡುವ ಸ್ನಾಯುಗಳು ಎಲ್ಲಿವೆ ಎಂಬುದು ಕಣ್ಣಿಗೆ ಕಾಣುತ್ತಿರಲಿಲ್ಲ. ಪೆನ್ಯಾ ಅವರು ಮಗುವನ್ನು ಬೋರಲು ಮಲಗಿಸಿ ಬೆನ್ನುಮೂಳೆಯ ತುದಿಯಿಂದ ಕೆಳಕ್ಕೆ ನಟ್ಟನಡುವೆ ಸೀಳಿದರು. ನರಗಳು ಎಡಬಲದಿಂದ ಬರುತ್ತವೆ, ನಡುಗೆರೆಯನ್ನು ದಾಟುವುದಿಲ್ಲ. ಹೀಗಾಗಿ ಸರಿಯಾದ ನಡುವಿನಲ್ಲೇ ಸಾಗಿದರೆ ಅವಕ್ಕೆ ಧಕ್ಕೆಯಿಲ್ಲ. ಸಣ್ಣ ವಿದ್ಯುತ್ ಸ್ಪರ್ಶ ನೀಡುವ ಉಪಕರಣ ತಾಗಿಸಿದಾಗ ಸಂಕುಚಿಸುವ ಸ್ನಾಯುಗಳನ್ನು ಗುರುತಿಸಿ, ಮೂತ್ರನಾಳದಿಂದ ಬಿಡಿಸಿದ ಕರುಳನ್ನು ಆ ಸ್ನಾಯುಗಳ ನಡುವೆಯೇ ಕೂರಿಸಿ, ಹೊಸ ದ್ವಾರವನ್ನು ಹೊಲಿಯುತ್ತಾರೆ. ಮೂತ್ರಕೋಶದಷ್ಟು ಮೇಲೆ ಸೇರಿಕೊಂಡ ಕರುಳನ್ನು ಬಿಡಿಸಲು ಹೊಟ್ಟೆಯ ಕಡೆಯಿಂದಲೂ ಹೋಗಬೇಕು. ಅದನ್ನು ಲ್ಯಾಪ್ರೊಸ್ಕೋಪಿ ಮೂಲಕ ಮಾಡುವ ಕ್ರಮವನ್ನು ಅಮೆರಿಕದ ಜಾರ್ಜ್‌ಸನ್ ಮತ್ತು ಸಂಗಡಿಗರು 2000ದಲ್ಲಿ ವಿವರಿಸಿದರು.

ಮೂರನೆಯ ಹಂತ ಕೊಲೋಸ್ಟಮಿ ಮುಚ್ಚುವುದು. ಎರಡರ ನಡುವೆ, ಯಾವ ಶಸ್ತ್ರಚಿಕಿತ್ಸಾ ಕೋಣೆಯಲ್ಲೂ ನಡೆಯದ ಒಂದು ಹಂತವಿದೆ.

ತಾಯಿಯ ಕೈಯಲ್ಲಿರುವ ಚಿಕಿತ್ಸೆ

ಗಾಯ ಮಾಯುವಾಗ ಹೊಸ ದ್ವಾರ ಕುಗ್ಗುತ್ತದೆ. ಬಿಟ್ಟರೆ ಮುಚ್ಚಿಯೇ ಹೋಗುತ್ತದೆ. ಅದನ್ನು ತಡೆಯಲು ಶಸ್ತ್ರಚಿಕಿತ್ಸೆಯಾದ ಸುಮಾರು ಎರಡು ವಾರದ ನಂತರ ನಯವಾದ ಲೋಹದ ಕಡ್ಡಿಯಿಂದ ದಿನಕ್ಕೆರಡು ಬಾರಿ ದ್ವಾರವನ್ನು ಹಿಗ್ಗಿಸುವ ಕ್ರಮ ಹೆಚ್ಚಿನ ಕಡೆ ಇದೆ. ವಾರಕ್ಕೊಮ್ಮೆ ಕಡ್ಡಿಯ ಗಾತ್ರ ಏರುತ್ತದೆ. ಒಂದು ವರ್ಷದೊಳಗಿನ ಮಗುವಿಗೆ, ವಯಸ್ಸಿಗೆ ತಕ್ಕಂತೆ, 12ರಿಂದ 14 ಮಿ.ಮೀ.ವರೆಗೆ ತಲುಪಬೇಕು. ಮಾಡಬೇಕಾದವರು ಮನೆಯಲ್ಲಿರುವ ತಾಯಿ ಅಥವಾ ಅಜ್ಜಿ. ಮಗು ಅಳುತ್ತದೆ, ಕೈ ನಡುಗುತ್ತದೆ, ಅತ್ತೆ ಪಾಪ ಬಿಡಮ್ಮ ಎನ್ನುತ್ತಾರೆ. ಎರಡು ದಿನ ಬಿಟ್ಟರೆ ಮೂರನೆಯ ದಿನ ಅದೇ ಕಡ್ಡಿ ಒಳಹೋಗುವುದಿಲ್ಲ.

ಈ ಸೀಮೆಯ ಕೃಷಿಯ ಕಾಲಚಕ್ರಕ್ಕೂ ಈ ಚಿಕಿತ್ಸೆಗೂ ಹೊಂದಾಣಿಕೆಯಿಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ.ಕೋಟೆ ಭಾಗದಲ್ಲಿ ಮುಂಗಾರು ಹಿಡಿದ ಮೇಲೆ ಹೊಗೆಸೊಪ್ಪಿನ ಕೊಯ್ಲು, ಬ್ಯಾರನ್‌ಗಳಲ್ಲಿ ಹಗಲಿರುಳು ಬೆಂಕಿ ಕಾಯುವ ಕೆಲಸ. ಆಮೇಲೆ ಹರಾಜು ಮಾರುಕಟ್ಟೆಯ ಓಡಾಟ. ಆ ತಿಂಗಳುಗಳಲ್ಲಿ ‘ವಾರ ವಾರ ಮೈಸೂರಿಗೆ ಬನ್ನಿ’ ಎಂದರೆ ಬರುವವರಾರು? ಕೂಲಿಗೆ ಹೋಗುವ ಮನೆಯಲ್ಲಿ ಒಂದು ಭೇಟಿಯೆಂದರೆ ಇಬ್ಬರ ಎರಡು ದಿನದ ಕೂಲಿ ಮತ್ತು ಬಸ್ ಚಾರ್ಜು. ಮಗು ಆರಾಮಾಗಿದೆ, ಕೊಲೋಸ್ಟಮಿಯಿಂದ ಮಲ ಹೋಗುತ್ತಿದೆ, ಸುಗ್ಗಿ ಮುಗಿದ ಮೇಲೆ ನೋಡೋಣ ಎಂದು ಮುಂದೂಡುವುದು ಅಲ್ಲಿಂದಲೇ ಶುರು. ಗಾತ್ರ ನೋಡಿ ಬರೆದುಕೊಳ್ಳುವ ಅಷ್ಟು ಕೆಲಸವನ್ನಾದರೂ ತಾಲ್ಲೂಕು ಆಸ್ಪತ್ರೆಯ ಮಕ್ಕಳ ವೈದ್ಯರಿಗೆ ವಹಿಸಿದರೆ ಅರ್ಧ ಓಡಾಟ ತಪ್ಪುತ್ತದೆ ಎಂಬುದು ಈ ವರದಿಗಾರನ ಅನಿಸಿಕೆ.

ಖರ್ಚಿನ ವಿಷಯ ಮೊದಲಿನಷ್ಟು ಭೀಕರವಾಗಿಲ್ಲ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದ್ದು, ಮಕ್ಕಳ ಶಸ್ತ್ರಚಿಕಿತ್ಸೆಗಳೂ ಅದರಲ್ಲಿ ಸೇರಿವೆ. ತುರ್ತು ಸಂದರ್ಭ ಹೊರತು ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಪಡಿತರ ಚೀಟಿ, ಆಧಾರ್ ಕಾರ್ಡ್ ಜೊತೆಗಿರಲಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಅಸ್ವಸ್ಥ ಶಿಶುವಿನ ಚಿಕಿತ್ಸೆ ಮತ್ತು ಸಾಗಣೆ 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ಯಾವ ಯೋಜನೆಯೂ ಕೊಡದಿರುವುದು ತಪ್ಪಿದ ಕೂಲಿಯನ್ನು.

ಯಾರ ತಪ್ಪೂ ಅಲ್ಲ

ಗ್ರಹಣದ ದಿನ ಹೊರಗೆ ಬಂದದ್ದಕ್ಕೆ, ಹೂರಣ ಕಡಿದದ್ದಕ್ಕೆ, ಹೊಗೆಸೊಪ್ಪಿನ ಗದ್ದೆಯಲ್ಲಿ ಔಷಧ ಹೊಡೆದದ್ದಕ್ಕೆ ಹೀಗಾಯಿತೇ ಎಂಬ ಪ್ರಶ್ನೆ ಪ್ರತಿ ಮನೆಯಲ್ಲೂ ಏಳುತ್ತದೆ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಹೆಚ್ಚಿನ ಮಕ್ಕಳಲ್ಲಿ ನಿರ್ದಿಷ್ಟ ಕಾರಣ ಸಿಗುವುದಿಲ್ಲ. ಗರ್ಭಧಾರಣೆಗೆ ಮುನ್ನವೇ ತಾಯಿಗೆ ಇರುವ ಮಧುಮೇಹ ಮತ್ತು ಸ್ಥೂಲಕಾಯ ಅಪಾಯವನ್ನು ಸ್ವಲ್ಪ ಹೆಚ್ಚಿಸುತ್ತವೆ ಎಂದು ಅಧ್ಯಯನಗಳು ಹೇಳುತ್ತವೆ. ತಂದೆಯ ಧೂಮಪಾನದ ಕಡೆಗೂ ಕೆಲವು ಅಧ್ಯಯನಗಳು ಬೆರಳು ತೋರಿಸಿವೆ. ಬೈಗುಳವೆಲ್ಲ ತಾಯಿಗೇ ಬೀಳುವ ಮನೆಗಳಲ್ಲಿ ಇದನ್ನು ಒಮ್ಮೆ ಗಟ್ಟಿಯಾಗಿ ಓದಬಹುದು. ಮುಂದಿನ ಮಗುವಿಗೂ ಹೀಗೆಯೇ ಆಗುವ ಸಂಭವ ಸಾಮಾನ್ಯವಾಗಿ ನೂರಕ್ಕೆ ಒಂದರಷ್ಟು ಮಾತ್ರ.

ಶಾಲೆಗೆ ಹೋಗುವ ವಯಸ್ಸಿನಲ್ಲಿ

ಶಸ್ತ್ರಚಿಕಿತ್ಸೆ ಚೆನ್ನಾಗಿ ನಡೆದರೂ ಎಲ್ಲ ಮಕ್ಕಳಿಗೂ ಸಮಾನ ಫಲ ಸಿಗುವುದಿಲ್ಲ. ಪೆನ್ಯಾ ಅವರ ದೊಡ್ಡ ಅಧ್ಯಯನದಲ್ಲಿ, ಮೂರು ವರ್ಷ ದಾಟಿದ ನಾಲ್ವರಲ್ಲಿ ಸುಮಾರು ಮೂವರು ತಾವಾಗಿ ಮಲ ವಿಸರ್ಜಿಸಲು ಕಲಿತಿದ್ದರು. ಅವರಲ್ಲೂ ಅರ್ಧದಷ್ಟು ಮಕ್ಕಳ ಚಡ್ಡಿ ಆಗಾಗ ಕೊಳೆಯಾಗುತ್ತಿತ್ತು. ಉಳಿದ ಒಬ್ಬನಿಗೆ ಹಿಡಿತ ಬರಲಿಲ್ಲ. ಬೆನ್ನುಮೂಳೆಯ ಕೆಳತುದಿ ಚೆನ್ನಾಗಿ ಬೆಳೆದಿದ್ದು ದೋಷ ಕೆಳಮಟ್ಟದ್ದಾದರೆ ಫಲ ಉತ್ತಮ. ಅಂತಹವರಿಗೆ ಕಾಡುವುದು ಮಲಬದ್ಧತೆ. ಅದನ್ನು ನಿರ್ಲಕ್ಷಿಸಿದರೆ ಕರುಳು ಹಿಗ್ಗಿ, ಗಟ್ಟಿ ಮಲದ ಪಕ್ಕದಿಂದ ನೀರುಮಲ ಸೋರಿ, ಶಸ್ತ್ರಚಿಕಿತ್ಸೆಯೇ ವಿಫಲವಾಯಿತೆಂಬ ಭ್ರಮೆ ಹುಟ್ಟುತ್ತದೆ.

ಹಿಡಿತ ಬಾರದ ಮಗುವಿಗೂ ದಾರಿಯಿದೆ. ದಿನಕ್ಕೊಮ್ಮೆ ಗೊತ್ತಾದ ಸಮಯದಲ್ಲಿ ಎನಿಮಾ ನೀಡಿ ದೊಡ್ಡ ಕರುಳನ್ನು ಖಾಲಿ ಮಾಡಿದರೆ ಮುಂದಿನ 24 ಗಂಟೆ ಬಟ್ಟೆ ಶುಭ್ರವಾಗಿರುತ್ತದೆ. ಯಾವ ದ್ರವ, ಎಷ್ಟು ಎಂಬುದನ್ನು ಒಂದೆರಡು ವಾರ ಪ್ರಯತ್ನಿಸಿ ವೈದ್ಯರೇ ನಿಗದಿ ಮಾಡಬೇಕು. ದೊಡ್ಡವರಾದಾಗ ಇನ್ನೊಬ್ಬರ ಸಹಾಯವಿಲ್ಲದೆ ಹೊಕ್ಕಳ ಬಳಿಯಿಂದಲೇ ಆ ದ್ರವ ಹಾಯಿಸಿಕೊಳ್ಳಲು ಅಪೆಂಡಿಕ್ಸನ್ನೇ ನಾಳವಾಗಿ ಬಳಸುವ ಶಸ್ತ್ರಚಿಕಿತ್ಸೆಯನ್ನು ಬ್ರಿಟನ್ನಿನ ಮೆಲೋನ್ 1990ರಲ್ಲಿ ತೋರಿಸಿಕೊಟ್ಟರು. ಒಂದನೆಯ ತರಗತಿಗೆ ಸೇರಿಸುವ ಮೊದಲೇ ಈ ವ್ಯವಸ್ಥೆ ಆಗಬೇಕು. ವಾಸನೆ ಬರುತ್ತದೆಂದು ಒಮ್ಮೆ ಬೆಂಚಿನಿಂದ ಎಬ್ಬಿಸಿದ ಮಗುವನ್ನು ಮತ್ತೆ ಶಾಲೆಗೆ ಕಳುಹಿಸುವುದು ಕಷ್ಟ.

ಹೆಣ್ಣು ಮಕ್ಕಳ ತಾಯಂದಿರಿಗೆ ಇನ್ನೊಂದು ಸೂಚನೆ. ಮಗಳು ಮೈನೆರೆಯುವ ಹೊತ್ತಿಗೆ ಗರ್ಭಕೋಶ ಮತ್ತು ಯೋನಿಮಾರ್ಗದ ಸ್ಥಿತಿಯನ್ನು ಸ್ತ್ರೀರೋಗ ತಜ್ಞರು ಒಮ್ಮೆ ನೋಡಬೇಕು. ಹೆರಿಗೆ ಹೇಗಾಗಬೇಕೆಂಬುದನ್ನೂ ಹಿಂದಿನ ಶಸ್ತ್ರಚಿಕಿತ್ಸೆಯ ವಿವರ ನೋಡಿಯೇ ನಿರ್ಧರಿಸುತ್ತಾರೆ. ಮೊದಲ ಶಸ್ತ್ರಚಿಕಿತ್ಸೆಯ ಬಿಡುಗಡೆ ಪತ್ರ ಆಗ ಕೈಯಲ್ಲಿರಬೇಕು. ಪಡಿತರ ಚೀಟಿ, ಪಹಣಿ ಇಡುವ ಅದೇ ಪ್ಲಾಸ್ಟಿಕ್ ಚೀಲದಲ್ಲಿ ಅದನ್ನೂ ಇಡಿ.